ಎರಡು ವಾರದಲ್ಲಿ ಮಳೆಕಾಡು ಉಳಿಸಿಕೊಡಲಾಗುವುದು

ಮಳೆಕಾಡು ಉಳಿಸಲು ಏನೇನು ಬೇಕು? ವಿದೇಶಿ ಸ್ವಯಂಸೇವಕರನ್ನು ಕಾಡಿಗೆ ಕರೆಯುವ ಸಂಸ್ಥೆಗಳ ಜಾಹೀರಾತುಗಳ ಪ್ರಕಾರ ಒಂದು ಪಾಸ್‌ಪೋರ್ಟು, ಎರಡು ವಾರದ ರಜೆ, ಮುಂಗಡವಾಗಿ ಕಟ್ಟಿದ ಶುಲ್ಕ. ಕೆಳಗೆ ದಪ್ಪ ಅಕ್ಷರದಲ್ಲಿ ‘ಅನುಭವ ಬೇಕಿಲ್ಲ, ಉತ್ಸಾಹ ಸಾಕು’ ಎಂಬ ಅಭಯ. ಅದೇ ಕಾಡಿನಲ್ಲಿ ಹುಟ್ಟಿ ಬೆಳೆದವನೊಬ್ಬ ಖಾಯಂ ಕೆಲಸ ಕೇಳಿಕೊಂಡು ಬಂದರೆ ಮಾತ್ರ ಪದವಿ ಪ್ರಮಾಣಪತ್ರ ತೋರಿಸಬೇಕು. ಅವನ ಉತ್ಸಾಹವನ್ನು ಯಾರೂ ವಿಚಾರಿಸುವುದಿಲ್ಲ.

ಹೀಗೆ ದೇಶದೇಶಗಳಿಂದ ಬಂದಿಳಿಯುವ ಉತ್ಸಾಹವನ್ನು ಸಂಭಾಳಿಸಬೇಕಾದ ಸಂಯೋಜಕರ ಅನುಕೂಲಕ್ಕಾಗಿ ಕೆಲವು ಸೂಚನೆಗಳನ್ನು ಇಲ್ಲಿ ಕೊಡಲಾಗಿದೆ.

ಮೊದಲು ಪಂಚಾಂಗ ನೋಡಿ. ಸಸಿ ನೆಡಬೇಕಾದದ್ದು ಮಳೆ ಹಿಡಿದು, ಮಣ್ಣು ಆಳದವರೆಗೆ ನೆನೆದ ಮೇಲೆ. ಪೆರು ದೇಶದ ಮಾದ್ರೆ ದೆ ದಿಯೋಸ್‌ನಂಥ ಕಡೆ, ಅಂದರೆ ಅಮೆಜಾನಿನ ದಕ್ಷಿಣ ಭಾಗದಲ್ಲಿ, ಒಳ್ಳೆಯ ಮಳೆ ಸುರಿಯುವುದು ನವೆಂಬರಿನಿಂದ ಮಾರ್ಚಿನವರೆಗೆ. ಯುರೋಪು, ಅಮೆರಿಕದ ವಿದ್ಯಾರ್ಥಿಗಳಿಗೆ ದೊಡ್ಡ ರಜೆ ಜೂನಿನಿಂದ ಆಗಸ್ಟಿನವರೆಗೆ. ಆ ಮೂರು ತಿಂಗಳು ಅಲ್ಲಿ ಒಣಗಾಲ. ಯಾರಾದರೂ ಒಬ್ಬರು ಸೋಲಲೇಬೇಕು. ಮಳೆ ಮಾತು ಕೇಳುವುದಿಲ್ಲ, ವಿಶ್ವವಿದ್ಯಾಲಯದ ಜತೆ ಮಾತಾಡುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಸಸಿ ಸೋಲುತ್ತದೆ. ಜುಲೈನಲ್ಲಿ ನೆಟ್ಟದ್ದನ್ನು ಮಳೆಗಾಲದವರೆಗೆ ಬದುಕಿಸಲು ಸಿಬ್ಬಂದಿ ನೀರು ಹೊರುತ್ತಾರೆ. ವರದಿಯಲ್ಲಿ ಬರುವುದು ನೆಟ್ಟವರ ಹೆಸರು.

ನೆಡುವ ಕೆಲಸ ಕಷ್ಟದ್ದೇನಲ್ಲ, ಅದೇ ಅದರ ದುರದೃಷ್ಟ. ಸುಮಾರು 30 ಸೆಂಟಿಮೀಟರ್ ಉದ್ದ, ಅಗಲ, ಆಳದ ಗುಂಡಿ ತೋಡಬೇಕು. ಮೇಲ್ಮಣ್ಣನ್ನು ಒಂದು ಕಡೆ, ಕೆಳಮಣ್ಣನ್ನು ಇನ್ನೊಂದು ಕಡೆ ಹಾಕಿಕೊಳ್ಳಬೇಕು. ಬೇರಿನ ಮುದ್ದೆ ಒಡೆಯದ ಹಾಗೆ ಪಾಲಿಥಿನ್ ಚೀಲ ಸೀಳಿ ತೆಗೆಯಬೇಕು. ಕಾಂಡವೂ ಬೇರೂ ಸೇರುವ ಜಾಗ ನೆಲದ ಮಟ್ಟಕ್ಕೆ ಬರುವಂತೆ ಇಳಿಸಿ, ಮೇಲ್ಮಣ್ಣನ್ನು ಮೊದಲು ತುಂಬಿ, ಒಳಗೆ ಗಾಳಿ ಉಳಿಯದಂತೆ ಒತ್ತಬೇಕು. ಇಷ್ಟರಲ್ಲಿ ಆಗಬಹುದಾದ ತಪ್ಪುಗಳೆಲ್ಲ ಮೊದಲ ದಿನವೇ ಆಗಿಹೋಗುತ್ತವೆ. ಗುಂಡಿ ಗಿಡ್ಡವಾಗಿ ತಾಯಿಬೇರು ಕೊಕ್ಕೆಯ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಆ ಗಿಡ ಒಂದೆರಡು ವರ್ಷ ಚೆನ್ನಾಗಿಯೇ ಕಾಣಿಸಿ ಆಮೇಲೆ ಗಾಳಿಗೆ ಬೀಳುತ್ತದೆ. ಕುತ್ತಿಗೆಯವರೆಗೆ ಹೂತ ಗಿಡದ ಕಾಂಡ ಕೊಳೆಯುತ್ತದೆ. ಕೆಲವು ಸಸಿಗಳಂತೂ ಚೀಲ ತೊಟ್ಟುಕೊಂಡೇ ಭೂಗತವಾಗುತ್ತವೆ, ಪ್ಲಾಸ್ಟಿಕ್ ವಿರೋಧಿ ಘೋಷಣೆಯ ಅಂಗಿ ತೊಟ್ಟವರ ಕೈಯಿಂದಲೇ. ಮರುದಿನ ಬೆಳಗ್ಗೆ ಅತಿಥಿಗಳು ಯೋಗ ಮಾಡುತ್ತಿರುವಾಗ ಇಬ್ಬರು ಕೂಲಿಯವರು ಹೋಗಿ ಅರ್ಧ ಸಾಲು ಕಿತ್ತು ಹೊಸದಾಗಿ ನೆಟ್ಟು ಬರುವುದು ರೂಢಿ.

ನಿಜವಾದ ಕೆಲಸ ಆಮೇಲಿನದು. ಮೂರು ಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 1,111 ಸಸಿ. ಹಳೆಯ ದನದ ಹುಲ್ಲುಗಾವಲಾಗಿದ್ದರೆ ಆಳೆತ್ತರದ ಹುಲ್ಲು ಅವಷ್ಟನ್ನೂ ಮುಚ್ಚಿಬಿಡುತ್ತದೆ. ಮೊದಲ ಎರಡು ಮೂರು ವರ್ಷ, ಸಸಿ ಹುಲ್ಲಿನ ಮೇಲೆ ತಲೆಯೆತ್ತಿ ನೆರಳು ಚೆಲ್ಲುವವರೆಗೆ, ವರ್ಷಕ್ಕೆ ಹಲವು ಸಲ ಸುತ್ತಲಿನ ಕಳೆ ಸವರಬೇಕು. ಅದಕ್ಕೆ ಮಚ್ಚು ಬೇಕು. ಮೊನ್ನೆ ವಿಮಾನ ಇಳಿದವರ ಕೈಗೆ ಮಚ್ಚು ಕೊಡುವ ಧೈರ್ಯ ಸಂಯೋಜಕರಿಗೂ ಇಲ್ಲ, ವಿಮಾ ಕಂಪನಿಗೂ ಇಲ್ಲ. ಕಳೆ ತೆಗೆದ ಫೋಟೊ ಹಾಕಿದರೆ ಯಾರು ಮೆಚ್ಚುತ್ತಾರೆ? ಆದ್ದರಿಂದ ಫಲಕದ ಮೇಲೆ ‘ಇಲ್ಲಿಯವರೆಗೆ ನೆಟ್ಟ ಸಸಿಗಳು’ ಎಂಬ ಒಂದೇ ಅಂಕಿ ಏರುತ್ತ ಹೋಗುತ್ತದೆ. 24 ತಿಂಗಳ ನಂತರ ಎಷ್ಟು ಬದುಕಿವೆ ಎಂಬ ಅಂಕಿಗೆ ಫಲಕದಲ್ಲಿ ಜಾಗವಿಲ್ಲ. ಎಲ್ಲವೂ ಬದುಕಿಬಿಟ್ಟರೆ ಮುಂದಿನ ತಂಡ ಎಲ್ಲಿ ನೆಡಬೇಕು ಎಂಬುದನ್ನೂ ಯೋಚಿಸಬೇಕಲ್ಲ.

ನೆಟ್ಟು ಬೇಸರವಾದವರನ್ನು ಮರ ಅಳೆಯಲು ಕಳಿಸಿ. ಕಾಂಡದ ವ್ಯಾಸವನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ಜಗತ್ತಿನ ಪದ್ಧತಿ. ಅದನ್ನು ಎದೆಮಟ್ಟ ಎನ್ನುತ್ತಾರೆಂದು ತಿಳಿಸಿದ್ದೇ ತಪ್ಪು, ಪ್ರತಿಯೊಬ್ಬರೂ ತಂತಮ್ಮ ಎದೆಯ ಮಟ್ಟಕ್ಕೆ ಟೇಪು ಸುತ್ತುತ್ತಾರೆ. ಆರಡಿ ಎತ್ತರದವನು ಈ ವರ್ಷ, ಐದಡಿಯವಳು ಮುಂದಿನ ವರ್ಷ ಅಳೆದರೆ ಮರ ದಪ್ಪಗಾಯಿತೆಂದು ಪುಸ್ತಕದಲ್ಲಿ ಬರುತ್ತದೆ. ಮಳೆಕಾಡಿನ ಎಷ್ಟೋ ಮರಗಳ ಕಾಂಡ ವರ್ಷಕ್ಕೆ ಕೆಲವೇ ಮಿಲಿಮೀಟರ್ ಹಿಗ್ಗುತ್ತದೆ. ಟೇಪು ಒಂದು ಸೆಂಟಿಮೀಟರ್ ತಪ್ಪಿದರೆ ಹಲವು ವರ್ಷಗಳ ಬೆಳವಣಿಗೆ ಒಂದೇ ಮಧ್ಯಾಹ್ನದಲ್ಲಿ ಮುಗಿದ ಹಾಗೆ. ಬುಡದ ಬೇರು ಹಲಗೆಯಂತೆ ಎದ್ದು ನಿಂತ ಹಲಗೆಬೇರಿನ ಮರವಾದರೆ ಹಲಗೆ ಮುಗಿದ ಮೇಲೆ ಇನ್ನೂ ಅರ್ಧ ಮೀಟರ್ ಮೇಲೆ ಅಳೆಯಬೇಕು, ಏಣಿ ಬೇಕು. ಏಣಿ ಹೊರಲು ಉತ್ಸಾಹ ಸಾಲದೆ ಬೇರನ್ನೇ ಸುತ್ತಿ ಬರೆದುಕೊಂಡು ಬರುತ್ತಾರೆ. ಇನ್ನು ಸುತ್ತಳತೆಯನ್ನೇ ವ್ಯಾಸದ ಕಾಲಮ್ಮಿನಲ್ಲಿ ತುಂಬಿದರೆ ಮರ 3.14 ಪಟ್ಟು ದಪ್ಪವಾಗುತ್ತದೆ, ಅದರಲ್ಲಿರುವ ಇಂಗಾಲದ ಲೆಕ್ಕ ಹತ್ತು ಪಟ್ಟಿಗೂ ಮೇಲೆ ಹಾರುತ್ತದೆ. ಹವಾಮಾನ ಬದಲಾವಣೆಯನ್ನು ಇಷ್ಟು ಅಗ್ಗವಾಗಿ ತಡೆದವರು ಬೇರೆ ಯಾರೂ ಇಲ್ಲ.

ಯಾವ ಮರ ಎಂದು ಕೇಳಬೇಡಿ. ಪೆರುವಿನ ಅಮೆಜಾನಿನಲ್ಲಿ ಒಂದೇ ಹೆಕ್ಟೇರಿನಲ್ಲಿ ಸುಮಾರು 300 ಜಾತಿಯ ಮರಗಳನ್ನು ಸಸ್ಯವಿಜ್ಞಾನಿಗಳು ಎಣಿಸಿದ್ದಾರೆ. ಅಲ್ಲಿ ಮಾತೇರೋ ಎಂದು ಕರೆಸಿಕೊಳ್ಳುವ ಕಾಡುಬಲ್ಲವನು ತೊಗಟೆಗೆ ಸಣ್ಣ ಕಚ್ಚು ಹಾಕಿ, ವಾಸನೆ ನೋಡಿ, ಒಸರುವ ಹಾಲಿನ ಬಣ್ಣ ನೋಡಿ ಹೆಸರು ಹೇಳುತ್ತಾನೆ. ಹೆಸರು ಬರೆದುಕೊಂಡ ಹುಡುಗನಿಗೆ ‘ಜೀವವೈವಿಧ್ಯ ಸಂಶೋಧಕ’ ಎಂಬ ಪ್ರಮಾಣಪತ್ರ. ಹೆಸರು ಹೇಳಿದವನಿಗೆ ದಿನಗೂಲಿ.

ಅಂತರರಾಷ್ಟ್ರೀಯ ತಂಡದ ನಿಜವಾದ ಸೊಬಗು ಕಾಣುವುದು ದತ್ತಾಂಶದ ಹಾಳೆಯಲ್ಲಿ. ಅಮೆರಿಕದವಳು 3/4 ಎಂದು ಬರೆದರೆ ಮಾರ್ಚ್ 4, ಬ್ರಿಟನ್ನಿನವನು ಬರೆದರೆ ಏಪ್ರಿಲ್ 3. ಜರ್ಮನಿಯವನು ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾನೆ. ಅವನ 12,5 ಕೆಲವು ಕಂಪ್ಯೂಟರುಗಳ ಕೈಯಲ್ಲಿ 125 ಆಗುತ್ತದೆ. ದೂರವನ್ನು ಕೆಲವರು ಅಡಿಯಲ್ಲಿ, ಕೆಲವರು ಮೀಟರಿನಲ್ಲಿ ಅಂದಾಜಿಸುತ್ತಾರೆ, ಯಾವುದರಲ್ಲಿ ಎಂದು ಬರೆಯುವುದಿಲ್ಲ. ಇದಕ್ಕೆ ಮದ್ದಿದೆ: ತಿಂಗಳನ್ನು ಅಕ್ಷರದಲ್ಲಿ ಬರೆಸುವುದು, ಅಳತೆಯ ಮಾನವನ್ನು ಹಾಳೆಯಲ್ಲೇ ಮುದ್ರಿಸುವುದು, ಸಂಜೆಯೇ ಕುಳಿತು ಹಾಳೆ ತಿದ್ದಿಸುವುದು. ಆದರೆ ಸಂಜೆ ಅನುಭವ ಹಂಚಿಕೆಯ ವೃತ್ತ ಇರುತ್ತದಲ್ಲ.

ಮಂಗಗಳ ಎಣಿಕೆಗೆ ಗುರುತಿಸಿದ ದಾರಿಯಲ್ಲಿ ನಸುಕಿಗೆ ಹೊರಟು, ಗಂಟೆಗೆ ಸುಮಾರು ಒಂದು ಕಿಲೋಮೀಟರಿನಂತೆ, ಸದ್ದಿಲ್ಲದೆ, ನಿಂತು ನಿಂತು ನಡೆಯಬೇಕು. ದಾರಿಯ ಮೇಲಿರುವ ಪ್ರಾಣಿ ಕಣ್ತಪ್ಪುವುದೇ ಇಲ್ಲ, ನಮ್ಮನ್ನು ನೋಡಿ ಮೊದಲೇ ಓಡುವುದೂ ಇಲ್ಲ ಎಂಬ ನಂಬಿಕೆಯ ಮೇಲೆ ಇಡೀ ಗಣಿತ ನಿಂತಿದೆ. ಆರು ಮಂದಿ ಹೊಸ ಮಳೆಯಂಗಿಗಳ ಸರಬರ ಸದ್ದಿನೊಡನೆ ಹೊರಟಾಗ ಆ ಗಣಿತದ ಗತಿ ಊಹಿಸಿಕೊಳ್ಳಿ. ಮೊದಲ ವಾರ ಅವರಿಗೆ ಕಾಣುವುದು ಎಲೆ, ಎರಡನೆಯ ವಾರದ ಕೊನೆಗೆ ಮಂಗ ಕಾಣಲು ಶುರುವಾಗುತ್ತದೆ, ಅಷ್ಟರಲ್ಲಿ ವಿಮಾನದ ಹೊತ್ತು. ಹೊಸ ತಂಡ ಬಂದ ಸೋಮವಾರ ಮಂಗಗಳ ಸಂಖ್ಯೆ ಕುಸಿದು, ಶುಕ್ರವಾರದಿಂದಾಚೆ ಚೇತರಿಸಿಕೊಳ್ಳುತ್ತದೆ. ಇದು ಮಂಗಗಳ ಹೊಸ ವರ್ತನೆ ಎಂದು ಬರೆಯಲು ಯಾರಾದರೂ ಪ್ರಬಂಧಕಾರ ಸಿಕ್ಕೇ ಸಿಗುತ್ತಾನೆ.

ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪು ಸುಲಭ ಎನ್ನುತ್ತೀರಾ? ಮೊಣಕಾಲಿನ ಎತ್ತರಕ್ಕೆ ಕಟ್ಟಿ, ಎದುರಿನ ಎಲೆಗಳನ್ನು ಸವರಿ, ಬೆಳಗಿನ ಬಿಸಿಲು ನೇರ ಬೀಳದ ದಿಕ್ಕಿಗೆ ತಿರುಗಿಸಿ, ಗಡಿಯಾರ ಸರಿ ಮಾಡಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಬರಬೇಕು. ಒಂದು ಎಲೆ ಉಳಿದರೂ ಗಾಳಿಗೆ ಅಲ್ಲಾಡಿ ಸಾವಿರಾರು ಚಿತ್ರ ತೆಗೆಸಿ ಬ್ಯಾಟರಿ ಮುಗಿಸುತ್ತದೆ. ಗಡಿಯಾರ ಅತಿಥಿಯ ದೇಶದ ಸಮಯಕ್ಕೇ ಇದ್ದರೆ ನಿಶಾಚರಿ ಬೆಕ್ಕು ನಡುಹಗಲಲ್ಲಿ ಓಡಾಡಿದ ಐತಿಹಾಸಿಕ ದಾಖಲೆ ಸಿಗುತ್ತದೆ.

ಕಾಡಿಗೆ ಬಂದವರಿಗೆ ಪ್ರಾಣಿ ಮುಟ್ಟುವ ಹಂಬಲ. ಈ ಭಾಗದಲ್ಲಿ ತಮಾಷೆ ಕಡಿಮೆ. ಐವರಿ ಕೋಸ್ಟಿನಲ್ಲಿರುವ ‘ತಾಯಿ’ (Taï) ಎಂಬ ಹೆಸರಿನ ಕಾಡಿನಲ್ಲಿ 1999ರಿಂದ 2006ರ ನಡುವೆ ಉಸಿರಾಟದ ಕಾಯಿಲೆಯಿಂದ ಚಿಂಪಾಂಜಿಗಳು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ಮನುಷ್ಯರ ನೆಗಡಿಯ ವೈರಸ್ಸುಗಳು. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ 500ಕ್ಕೂ ಹೆಚ್ಚು ಉಭಯವಾಸಿ ಜಾತಿಗಳನ್ನು ಕುಗ್ಗಿಸಿದೆ. ಅದು ಒಂದು ತೊರೆಯಿಂದ ಇನ್ನೊಂದಕ್ಕೆ ಬೂಟಿನ ಕೆಸರಿನಲ್ಲೂ ಹೋಗಬಲ್ಲದು. ಆದ್ದರಿಂದ ಬೂಟು ಉಜ್ಜಿ, ಸೋಂಕುನಾಶಕದಲ್ಲಿ ಅದ್ದಿ, ಒಣಗಿಸಬೇಕು, ಪ್ರತಿ ಕಪ್ಪೆಗೂ ಹೊಸ ಕೈಗವಸು ಹಾಕಬೇಕು. ವಾನರ ತಜ್ಞರ ಅಂತರರಾಷ್ಟ್ರೀಯ ಗುಂಪು 2021ರಲ್ಲಿ ಫೋಟೊಗಳಿಗೇ ಮಾರ್ಗಸೂಚಿ ಹೊರಡಿಸಿತು: ಚಿತ್ರದಲ್ಲಿ ಮನುಷ್ಯ ಇರಲೇಬೇಕಾದರೆ ಮಾಸ್ಕ್ ಹಾಕಿ ಕನಿಷ್ಠ 7 ಮೀಟರ್ ದೂರ ನಿಂತಿರಬೇಕು. ಅದನ್ನು ಸಂಸ್ಥೆಗಳು ಗೋಡೆಗೆ ಅಂಟಿಸುತ್ತವೆ, ಪಕ್ಕದಲ್ಲೇ ಮರಿ ಒರಾಂಗುಟಾನನ್ನು ತಬ್ಬಿಕೊಂಡ ಹಳೆಯ ಪೋಸ್ಟರನ್ನು ಉಳಿಸಿಕೊಳ್ಳುತ್ತವೆ. ಅರ್ಜಿಗಳು ಬರುವುದು ಆ ಪೋಸ್ಟರಿನಿಂದಲ್ಲವೆ.

ಹೀಗಿರುವಾಗ ಸಂಯೋಜಕರಿಗೆ ಉಳಿಯುವ ಕೆಲಸ ಅತಿಥಿಗಳನ್ನು ಜೀವಸಹಿತ ವಾಪಸು ಕಳಿಸುವುದು. ಹಳದಿ ಜ್ವರದ ಲಸಿಕೆ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಬೇಕು. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಹಾಕಿಸಿಕೊಂಡವರೂ ಬರುತ್ತಾರೆ. ದೊಡ್ಡ ಪಾದದವರಿಗೆ ಅಲ್ಲಿ ಗಂಬೂಟು ಸಿಗುವುದಿಲ್ಲವೆಂದು ಮೂರು ಸಲ ಬರೆದರೂ ಚಪ್ಪಲಿಯಲ್ಲಿ ಇಳಿಯುತ್ತಾರೆ. ಜೀನ್ಸ್ ಒಮ್ಮೆ ನೆನೆದರೆ ವಾಪಸು ಹೋಗುವವರೆಗೂ ಒಣಗುವುದಿಲ್ಲ. ಎಲ್ಲರೂ ಚಿರತೆ, ಜಾಗ್ವಾರ್ ಎಂದು ಹೆದರುತ್ತಾರೆ. ಗಾಳಿ ಎದ್ದಾಗ ಮೇಲಿನಿಂದ ಬೀಳುವ ಒಣಕೊಂಬೆಗೆ ಹೆದರುವವರಿಲ್ಲ. ಗಾಳಿ ಬಂದ ಕೂಡಲೇ ಕಾಡಿನಿಂದ ಹೊರಗೆ ಕರೆತಂದರೆ ‘ನಮ್ಮ ಅನುಭವ ಮೊಟಕಾಯಿತು’ ಎಂದು ದೂರು. ತುರ್ತು ದೋಣಿಯ ಯೋಜನೆ ಕಾಗದದ ಮೇಲೆ ಚೆಂದ ಇರುತ್ತದೆ, ಒಣಗಾಲದಲ್ಲಿ ಹೊಳೆ ಇಳಿದು ದೋಣಿ ಮರಳಿಗೆ ಕೂರುವುದನ್ನು ಅದರಲ್ಲಿ ಯಾರೂ ಬರೆದಿರುವುದಿಲ್ಲ. ಐದಾರು ಜನಕ್ಕೊಬ್ಬ ಕಾಡುಬಲ್ಲವನು ಇರಲೇಬೇಕು. ಅಂದರೆ ಗಸ್ತು ತಿರುಗಬೇಕಾದವನು ಅಂದು ಛತ್ರಿ ಹಿಡಿದಿರುತ್ತಾನೆ.

ಇಷ್ಟೆಲ್ಲ ಯಾಕೆ ಎಂದರೆ ಸಂಸ್ಥೆಗಳು ಸತ್ಯವನ್ನೇ ಹೇಳುತ್ತವೆ: ಡೀಸೆಲ್ಲು, ಸಂಬಳ, ದೋಣಿ ಎಲ್ಲ ನಡೆಯುವುದು ಆ ಶುಲ್ಕದಿಂದ. ಸಂಬಳ ಕೊಡಲು ಅತಿಥಿ ಬೇಕು, ಅತಿಥಿಯನ್ನು ನೋಡಿಕೊಳ್ಳಲು ಸಂಬಳದವರು ಬೇಕು. ಈ ಚಕ್ರದೊಳಗೆ ಕಾಡಿಗೂ ಆಗಾಗ ಸ್ವಲ್ಪ ಉಪಕಾರವಾಗುತ್ತದೆ, ಇಲ್ಲವೆನ್ನಲಾಗದು. ಆದರೆ ಬ್ರೆಜಿಲಿನ ಅಮೆಜಾನಿನಲ್ಲಿ 2004ರಲ್ಲಿ 27,772 ಚದರ ಕಿಲೋಮೀಟರ್ ಇದ್ದ ಕಾಡುನಾಶ 2012ಕ್ಕೆ 4,571ಕ್ಕೆ ಇಳಿದದ್ದು ಉಪಗ್ರಹದ ಎಚ್ಚರಿಕೆ, ಅದನ್ನು ಹಿಡಿದು ಹೋಗಿ ದಂಡ ಹಾಕಿದ ಅಧಿಕಾರಿಗಳು, ಹೊಸ ರಕ್ಷಿತ ಪ್ರದೇಶಗಳು, ಕಾಡು ಕಡಿದ ನೆಲದ ಸೋಯಾ ಕೊಳ್ಳುವುದಿಲ್ಲವೆಂದು 2006ರಲ್ಲಿ ವ್ಯಾಪಾರಿಗಳು ಮಾಡಿಕೊಂಡ ಒಪ್ಪಂದ ಇಂಥವುಗಳಿಂದ. ಇವುಗಳ ಜತೆ ಸೆಲ್ಫಿ ತೆಗೆದುಕೊಳ್ಳುವುದು ಕಷ್ಟ.

ಪ್ರಾಮಾಣಿಕ ಜಾಹೀರಾತು ಕೊಡಲೇಬೇಕೆಂಬ ಹಟವಿದ್ದರೆ ಹೀಗೆ ಕೊಡಿ: ‘ಬೇಕಾಗಿದ್ದಾರೆ. ದೋಣಿಯ ಎಂಜಿನ್ ರಿಪೇರಿ ಬಲ್ಲವರು, ಹತ್ತು ವರ್ಷದ ಹಾಳೆಗಳಲ್ಲಿನ ದಿನಾಂಕ ತಿದ್ದಬಲ್ಲವರು, ಲೆಕ್ಕಪತ್ರ ಬರೆಯಬಲ್ಲವರು, ಸ್ಥಳೀಯ ಭಾಷೆ ಬಲ್ಲವರು. ಕನಿಷ್ಠ ಆರು ತಿಂಗಳು. ಕೋಣೆಯಲ್ಲೇ ಕೆಲಸ. ಪ್ರಾಣಿ ಕಾಣುವ ಭರವಸೆ ಇಲ್ಲ.’ ಉತ್ತರಗಳು ಖಂಡಿತ ಬರುತ್ತವೆ. ಆ ಆರು ತಿಂಗಳನ್ನು ಎರಡು ವಾರಕ್ಕೆ ಇಳಿಸಲು ಸಾಧ್ಯವೇ, ಕೋಣೆಯಿಂದ ಮರಕ್ಕೆ ಜೋತುಬೀಳುವ ಸ್ಲೋತ್ ಪ್ರಾಣಿ ಎಷ್ಟು ದೂರ ಎಂದು ವಿಚಾರಿಸಿಕೊಂಡು.