ಸ್ವಯಂ ಕೋರ್ಸ್ ಮಾಡಿದರೆ ಕಾಲೇಜೇ ಬೇಡವಾ?

ಸ್ವಯಂ ಅಂದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ. ‘ಸ್ವಯಂನಲ್ಲಿ ಮೊಬೈಲಿನಲ್ಲೇ ಪೂರ್ತಿ ಡಿಗ್ರಿ ಸಿಗುತ್ತದೆ, ಅದೂ ಪುಕ್ಕಟೆ’ ಅಂತ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಅದು ಸರಿಯಲ್ಲ.

ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2021ರ ನಿಯಮದಂತೆ, ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಮಾತ್ರ ಸ್ವಯಂ ಮೂಲಕ ಮಾಡಬಹುದು. ಅದಕ್ಕೂ ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿರಬೇಕು. ಸೇರುವ ಮೊದಲೇ ವಿಭಾಗದಲ್ಲಿ ಕೇಳಿಕೊಳ್ಳಿ, ಸುಮ್ನೆ ಆಮೇಲೆ ಪರದಾಡುವುದು ಬೇಡ.

ಪುಕ್ಕಟೆ ಅನ್ನುವುದು ಅರ್ಧ ನಿಜ. ಪಾಠ ನೋಡಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕೆಂದರೆ ಪರೀಕ್ಷೆ ಶುಲ್ಕ ಕಟ್ಟಬೇಕು, ಪರೀಕ್ಷಾ ಕೇಂದ್ರಕ್ಕೂ ಹೋಗಬೇಕು. ಹಾಸಿಗೆ ಮೇಲೆ ಕೂತು ಬರೆಯುವ ಪರೀಕ್ಷೆ ಅಲ್ಲ ಅದು! ಸ್ವಯಂನಲ್ಲಿ ಐಐಟಿಯಂಥ ಸಂಸ್ಥೆಗಳು ನಡೆಸುವ ಎನ್‌ಪಿಟೆಲ್ ಕೋರ್ಸಾದರೆ, ಸಾಮಾನ್ಯವಾಗಿ ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30, ಎರಡೂ ಬರಬೇಕು. ಒಂದು ತಪ್ಪಿದರೂ ಸರ್ಟಿಫಿಕೇಟ್ ಇಲ್ಲ.