ಕ್ವೆಟ್ಟಾ ಡಿವಿಷನ್ ಯಾರದ್ದು?

ಬ್ರಿಟಿಷರ ಕಾಲದ ಸೈನ್ಯದ ಮಾತೆತ್ತಿದರೆ ನಮ್ಮಲ್ಲಿ ಎರಡೇ ಧಾಟಿ. ಒಂದೋ ‘ಅವರು ಕಲಿಸಿದ ಶಿಸ್ತು’ ಅಂತ ಹಾಡಿ ಹೊಗಳೋದು, ಇಲ್ಲಾ ‘ಸಂಬಳಕ್ಕೆ ದುಡಿದ ಸಿಪಾಯಿಗಳು’ ಅಂತ ತಳ್ಳಿಹಾಕೋದು. ಕ್ವೆಟ್ಟಾದ ನಾಲ್ಕನೇ ಡಿವಿಷನ್ನಿನ (ಸಾವಿರಾರು ಸೈನಿಕರ ದೊಡ್ಡ ಪಡೆ) ಕಥೆ ಓದಿದ ಮೇಲೆ ಎರಡನ್ನೂ ಒಪ್ಪೋಕೆ ನನ್ನಿಂದ ಆಗ್ತಿಲ್ಲ.

ಈಗ ಪಾಕಿಸ್ತಾನದಲ್ಲಿರೋ ಬಲೂಚಿಸ್ತಾನದ ಬೋಲಾನ್ ಕಣಿವೆ ಹತ್ತಿ ಹೋದರೆ ಸಿಗೋ ಊರು ಕ್ವೆಟ್ಟಾ. ಸುತ್ತ ಬೋಳು ಗುಡ್ಡ, ನಡುವೆ ಬಟ್ಟಲಿನಂಥ ಬಯಲು. 1876ರಲ್ಲಿ ಅಲ್ಲಿನ ದೊರೆ ಕಲಾತ್‌ನ ಖಾನ್ ಜತೆ ಒಪ್ಪಂದ ಮಾಡಿಕೊಂಡು ಬ್ರಿಟಿಷರು ಅಲ್ಲಿ ಬೇರುಬಿಟ್ಟರು. ರಷ್ಯಾದ ಸೈನ್ಯ ಕಂದಹಾರ್ ದಾಟಿ ಬಂದುಬಿಟ್ಟರೆ ಅನ್ನೋದೇ ಅವರ ಹೆದರಿಕೆ. ಆ ಹೆದರಿಕೆಗೆ ಖೋಜಕ್ ಬೆಟ್ಟವನ್ನು ಸುಮಾರು 4 ಕಿಲೋಮೀಟರ್ ಕೊರೆದು, 1891-92ರ ಹೊತ್ತಿಗೆ ಗಡಿಯ ಚಮನ್‌ವರೆಗೆ ರೈಲು ಒಯ್ದರು. ಯುದ್ಧ ಬಂದ ಕೂಡಲೇ ಕಂದಹಾರ್‌ವರೆಗೆ ಹಾಸಲು ಹಳಿಗಳನ್ನು ಚಮನ್‌ನಲ್ಲೇ ಒಟ್ಟಿ ಇಟ್ಟಿದ್ದರು. ರಷ್ಯಾದ ದೊರೆ ತ್ಸಾರ್‌ನ ಸೈನ್ಯ ಬರಲೇ ಇಲ್ಲ.

1902ರಲ್ಲಿ ದಂಡನಾಯಕನಾಗಿ ಬಂದ ಕಿಚನರ್, ಇಡೀ ಸೈನ್ಯವನ್ನೇ ವಾಯವ್ಯ ಗಡಿಯತ್ತ ತಿರುಗಿಸಿ 9 ಡಿವಿಷನ್ ಮಾಡಿದ. ಪೆಶಾವರದ್ದು ಒಂದನೆಯದು, ಕ್ವೆಟ್ಟಾದ್ದು ನಾಲ್ಕನೆಯದು. ನಮ್ಮ ಬೆಂಗಳೂರಿನ ದಂಡೂ ಇದರಿಂದ ಹೊರಗಿರಲಿಲ್ಲ. ಇಲ್ಲಿನ ಬ್ರಿಗೇಡ್ ಸಿಕಂದರಾಬಾದ್‌ನ ಒಂಬತ್ತನೇ ಡಿವಿಷನ್ನಿಗೆ ಸೇರಿತ್ತು. ಖರ್ಚು ಬಿದ್ದದ್ದು ಇಲ್ಲಿನ ರೈತ ಕಟ್ಟಿದ ಕಂದಾಯದ ಮೇಲೆ. ಗೋಪಾಲಕೃಷ್ಣ ಗೋಖಲೆ ಬಜೆಟ್ ಚರ್ಚೆಗಳಲ್ಲಿ ಈ ಸೇನಾ ಖರ್ಚನ್ನು ಮತ್ತೆ ಮತ್ತೆ ಎತ್ತಿ ಪ್ರಶ್ನಿಸಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು ಅಂತ ಇವತ್ತಿಗೂ ನನಗನ್ನಿಸುತ್ತೆ.

ಮೊದಲ ಮಹಾಯುದ್ಧದಲ್ಲಿ ಬೇರೆ ಡಿವಿಷನ್ನುಗಳು ಫ್ರಾನ್ಸ್, ಮೆಸಪಟೋಮಿಯ ಅಂತ ಹಡಗು ಹತ್ತಿದಾಗ ಕ್ವೆಟ್ಟಾದ್ದು ಗಡಿಯಲ್ಲೇ ಕಾವಲು ನಿಂತಿತು. 1919ರ ಮೂರನೇ ಆಫ್ಘನ್ ಯುದ್ಧದಲ್ಲಿ, ಮೇ 27ರಂದು, ಚಮನ್‌ನಾಚೆಯ ಸ್ಪಿನ್ ಬೋಲ್ಡಾಕ್ ಕೋಟೆಯನ್ನು ಏಣಿ ಹಾಕಿ ಹತ್ತಿ ಹಿಡಿದರು. ವಿಮಾನದಿಂದ ಕಾಬೂಲ್ ಮೇಲೆ ಬಾಂಬ್ ಹಾಕುತ್ತಿದ್ದ ಕಾಲದಲ್ಲಿ ಏಣಿ! ಮೇ ತಿಂಗಳ ಬಿಸಿಲಲ್ಲಿ ಆ ಏಣಿ ಹೊತ್ತು ಗೋಡೆಯ ಹತ್ತಿರ ಓಡಿದವರಲ್ಲಿ ಗೂರ್ಖಾಗಳಿದ್ದರು, ಪಂಜಾಬಿಗಳಿದ್ದರು. ಆಫ್ಘನ್ನರ ಮೇಲೆ ಅವರಿಗೆ ಯಾವ ಹಳೇ ಹಗೆಯಿತ್ತು?

ನನ್ನ ಮನಸ್ಸು ಹೋಗಿ ನಿಲ್ಲೋದು ಮಾತ್ರ 1935ರಲ್ಲಿ. ಅಷ್ಟೊತ್ತಿಗೆ ಡಿವಿಷನ್ ಅನ್ನೋ ಹೆಸರು ಹೋಗಿ ‘ಬಲೂಚಿಸ್ತಾನ್ ಡಿಸ್ಟ್ರಿಕ್ಟ್’ ಆಗಿತ್ತು, ದಂಡು ಅದೇ ಜಾಗದಲ್ಲಿತ್ತು. ಮೇ 31ರ ನಸುಕಿನ 3 ಗಂಟೆ ದಾಟಿತ್ತು, ಊರು ಮಲಗಿತ್ತು. ಭೂಮಿ ನಡುಗಿದ್ದು ನಿಮಿಷಕ್ಕಿಂತ ಕಡಿಮೆ ಹೊತ್ತು. ಮಣ್ಣಿನ ಇಟ್ಟಿಗೆಯ ಮನೆಗಳು ಮಲಗಿದ್ದವರ ಮೇಲೇ ಕುಸಿದವು. ಸತ್ತವರು ಕಡಿಮೆಯೆಂದರೂ 30,000. ದಂಡಿನ ಬಹುಭಾಗ ಉಳಿದಿತ್ತು. ಹಾಗಾಗಿ ಕತ್ತಲಲ್ಲೇ ಸಿಪಾಯಿಗಳು ಗುದ್ದಲಿ ಹಿಡಿದು ಊರಿಗೆ ಓಡಿದರು. ಒಂದು ಕಡೆ ಅಗೆಯೋದು, ನಿಲ್ಲಿಸಿ ಕಿವಿಗೊಟ್ಟು ಕೇಳೋದು, ನರಳಿಕೆ ಕೇಳಿದರೆ ಕೈಯಲ್ಲೇ ಮಣ್ಣು ಬಾಚೋದು. ಬಿಸಿಲೇರಿ ವಾಸನೆ ಎದ್ದಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರು.

ಆ ಊರಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರಿದ್ದರು. ಅದೇ ವರ್ಷ ಮದುವೆಯಾಗಿದ್ದ ನೀನಾ ಅವರೂ ಜತೆಗಿದ್ದರು. ಇಬ್ಬರೂ ಪರಿಹಾರದ ಕೆಲಸಕ್ಕಿಳಿದರು. ಆ ಸೇವೆಗಾಗಿ ನೀನಾ ಅವರಿಗೆ ಕೈಸರ್-ಇ-ಹಿಂದ್ ಪದಕ ಬಂತು. ಜನರಲ್ ತಿಮ್ಮಯ್ಯನವರ ಹೆಸರಿನ ರಸ್ತೆಯಲ್ಲಿ ದಿನಾ ಓಡಾಡೋ ನಮಗೆ ಇದು ಗೊತ್ತಿರಬೇಕಿತ್ತು. ಅದಕ್ಕೂ ಎರಡು ವರ್ಷ ಹಿಂದೆ, 1933ರಲ್ಲಿ, ಕಾರ್ಯಪ್ಪನವರು ಸೇನಾಧಿಕಾರಿಗಳಿಗೆ ಉನ್ನತ ತರಬೇತಿ ಕೊಡುವ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಆಯ್ಕೆಯಾದ ಮೊದಲ ಭಾರತೀಯ ಅಧಿಕಾರಿಯಾಗಿ ಅಲ್ಲಿ ಓದಿದ್ದರು.

ಆದರೆ ಭೂಕಂಪವಾದ ಕೆಲವೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ರೋಗದ ಭಯವೆಂದು ಊರಿಗೆ ಬೀಗ ಜಡಿಯಿತು. ಒಳಗೆ ಜೀವಂತ ಇರಬಹುದು, ಅಗೆಯಲು ಬಿಡಿ ಅಂತ ಬಂಧುಗಳು ಗೋಗರೆದರೂ ಬಿಡಲಿಲ್ಲ. ನೆರವಿಗೆ ಬರುತ್ತೇನೆಂದ ಗಾಂಧೀಜಿಗೂ ಅನುಮತಿ ಕೊಡಲಿಲ್ಲ. ಅಗೆದ ಕೈಗಳು ಬೇರೆ, ಬೀಗ ಹಾಕಿದ ಕೈ ಬೇರೆ. ಚರಿತ್ರೆ ಬರೆಯುವಾಗ ಇವೆರಡನ್ನೂ ಒಂದೇ ಸೇನೆಯ ಹೆಸರಿಗೆ ಜಮಾ ಮಾಡಬಾರದು ಅನ್ನೋದೇ ನನ್ನ ವಾದ. ಆ ಸಿಪಾಯಿಗಳು ನಮ್ಮವರು. ಸರ್ಕಾರ ನಮ್ಮದಾಗಿರಲಿಲ್ಲ.

ನಿಮ್ಮ ಅಜ್ಜನೋ ಮುತ್ತಜ್ಜನೋ ಕ್ವೆಟ್ಟಾ, ಪೆಶಾವರ, ಬನ್ನು ಕಡೆ ಇದ್ದರೆ ಟ್ರಂಕು ತೆಗೆದು ನೋಡಿ. ಹಳೇ ಕಾಗದ, ಪದಕ, ಫೋಟೊ ಏನಿದ್ದರೂ ಊರಿನ ಹೆಸರು, ಇಸವಿ ಸಮೇತ ಇಲ್ಲಿ ಬರೀರಿ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ.