ಸತ್ಯಾಂಶ: ಸ್ಟೀರಾಯ್ಡ್ ಎಂದರೆ ಮಿದುಳಿಗೆ ವಿಷವೇ?

‘ಸ್ಟೀರಾಯ್ಡ್ ಮಿದುಳನ್ನು ಕೆಡಿಸುತ್ತದೆ, ಇಂದೇ ನಿಲ್ಲಿಸಿ’ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಮೂತ್ರಪಿಂಡಗಳ ಮೇಲಿರುವ ನಮ್ಮ ಅಡ್ರಿನಲ್ ಗ್ರಂಥಿಗಳೇ ದಿನವೂ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ತಯಾರಿಸುತ್ತವೆ. ಕೊಬ್ಬಿನಲ್ಲಿ ಕರಗುವ ಅದು ಮಿದುಳಿನ ಜೀವಕೋಶಗಳ ಒಳಗೇ ಹೋಗಿ, ಅದನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನ್‌ಗಳಿಗೆ ಅಂಟಿಕೊಂಡು, ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂಬುದನ್ನು ಬದಲಿಸುತ್ತದೆ. ನೆನಪಿಗೂ ಅದು ಬೇಕು.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಿದ್ದಾಗ ನಿದ್ದೆಗೆಡುವುದು, ಮನಸ್ಸು ಏರುಪೇರಾಗುವುದು ನಿಜ. ವೈದ್ಯರಿಗೆ ತಕ್ಷಣ ತಿಳಿಸಬೇಕು. ಆದರೆ ವಾರಗಟ್ಟಲೆ ತೆಗೆದುಕೊಂಡದ್ದನ್ನು ದಿಢೀರನೆ ಬಿಟ್ಟರೆ, ಅಷ್ಟರಲ್ಲಿ ಕೆಲಸವಿಲ್ಲದೆ ಸೊರಗಿದ ಅಡ್ರಿನಲ್ ಗ್ರಂಥಿಗಳು ಸಾಕಷ್ಟು ಕಾರ್ಟಿಸಾಲ್ ಕೊಡಲಾರದೆ ಪ್ರಾಣಕ್ಕೇ ಅಪಾಯವಾಗಬಹುದು. ನನ್ನನ್ನು ಕಾಡುವುದು ಇದೇ.

ಸಂದೇಶದಲ್ಲಿ ಔಷಧದ ಹೆಸರು, ಪ್ರಮಾಣ, ಅವಧಿ ಇವೆಯೇ ನೋಡಿ. ಪೊಟ್ಟಣದೊಳಗಿನ ಚೀಟಿ ಓದಿ: ಆಸ್ತಮಾ ಇನ್‌ಹೇಲರ್‌ನಲ್ಲಿರುವ ಸ್ಟೀರಾಯ್ಡ್‌ನ ಅಳತೆ ಮೈಕ್ರೋಗ್ರಾಮ್‌ಗಳಲ್ಲಿ, ಮಾತ್ರೆಯದು ಅದಕ್ಕಿಂತ ಸಾವಿರ ಪಟ್ಟು ದೊಡ್ಡದಾದ ಮಿಲಿಗ್ರಾಮ್‌ಗಳಲ್ಲಿ. ಕಳುಹಿಸಿದವರು ಕಾಳಜಿಯಿಂದಲೇ ಕಳುಹಿಸಿರುತ್ತಾರೆ; ಅವರಿಗೂ ಚೀಟಿ ತೋರಿಸಿ.